ಹೆದರಿಕೆಗೆ ಮಾತಿಲ್ಲದ ಊರು

ಏಡನ್‌ವರೆಗೆ

ಊರಿಗೆ ಮರಳಿದ ಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಹಿಮದ ವಿಷಯ. ಬಾಯಿಗೆ ಹಾಕಿದರೆ ರುಚಿ ಉಂಟಾ, ಮನೆಯೊಳಗೂ ಬೀಳ್ತದಾ, ಅಲ್ಲಿಯ ದನಗಳು ಎಂತ ತಿಂತಾವೆ ಎಂದೆಲ್ಲ. ಮಂಗಳೂರಿನ ಬಿಜೈಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅದನ್ನು ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಹನ್ನಿ ಎಂಬ ಹುಡುಗಿಯ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಕೇಳಲು ಅವರಿಗೆ ಅವಳ ಹೆಸರಾದರೂ ಗೊತ್ತಿರಬೇಕಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಮೂಳೆ ಮುರಿದು ಕೂಡಿಕೊಂಡವರಿಗೆ ಕೈಕಾಲು ಮತ್ತೆ ಆಡಿಸಲು ಕಲಿಸುವುದು ನನ್ನ ಕೆಲಸ. ಹಂಚಿನ ಕಾರ್ಖಾನೆಯಲ್ಲಿ ಕೈ ಸಿಕ್ಕಿಸಿಕೊಂಡವರು, ತೆಂಗಿನ ಮರದಿಂದ ಬಿದ್ದವರು, ಇವರೇ ನನ್ನ ರೋಗಿಗಳು. ಈ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಕಲಿತು ಬರಲಿ ಎಂದು ನಮ್ಮ ಹಿರಿಯ ಡಾಕ್ಟರರು ತಮ್ಮ ಗುರುತಿನವರಿಗೆ ಹೇಳಿ, ಆಸ್ಟ್ರಿಯಾದ ಬೆಟ್ಟಗಳ ನಡುವಿನ ಒಂದು ಸಣ್ಣ ಆಸ್ಪತ್ರೆಗೆ ನನ್ನನ್ನು ಕಳುಹಿಸಿದರು. ಮದುವೆಯ ವಯಸ್ಸು ದಾಟುತ್ತಿದೆ ಎಂದು ಅಮ್ಮನಿಗೆ ಚಿಂತೆ. ಅಣ್ಣ ಮಾತ್ರ, ಸುಮತಿ ಹೋಗಿ ಬರಲಿ ಬಿಡು, ಗಂಡು ಎಲ್ಲಿಗೂ ಓಡುವುದಿಲ್ಲ ಎಂದ. ಅವನು ಹಾಗೆ ಹೇಳಿದ ಮೇಲೂ ಒಂದು ಸಂಬಂಧ ಕೈತಪ್ಪಿಯೇ ಹೋಯಿತು.

ಬೊಂಬಾಯಿಯಿಂದ ಹೊರಟ ಹಡಗಿನಲ್ಲಿ ನಮ್ಮೂರಿನವರು ಒಬ್ಬರೇ ಇದ್ದರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಮೊಯಿದಿನ್ ಸಾಹೇಬರು. ಏಡನ್ನಿನಲ್ಲಿ ಅವರ ಭಾವನ ಅಂಗಡಿ ಇತ್ತು. ನನಗೆ ವಾಂತಿ ಶುರುವಾದಾಗ ಎಲ್ಲಿಂದಲೋ ಉಪ್ಪಿನಲ್ಲಿ ಹಾಕಿದ ಲಿಂಬೆ ತಂದುಕೊಟ್ಟರು. ದಿನವೂ ಸಾಯಂಕಾಲ ಹಡಗಿನ ಕಂಬಿ ಹಿಡಿದು ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು. ಹೆಚ್ಚಾಗಿ ಊರಿನ ಮೀನು, ಊರಿನ ಮಳೆ.

ಏಡನ್ ಹತ್ತಿರವಾದ ದಿನ ಅವರು, “ತಂಗೀ, ಅಲ್ಲಿ ನಿಮಗೆ ಮಾತಾಡ್ಲಿಕ್ಕೆ ಜನ ಉಂಟಾ?” ಎಂದು ಕೇಳಿದರು.

“ಕೆಲಸ ಉಂಟಲ್ಲ ಸಾಹೇಬ್ರೆ” ಎಂದೆ.

“ಕೆಲಸ ಹಗಲಿಗಾಯ್ತು. ಸಾಯಂಕಾಲಕ್ಕೆ ಎಂತ ಮಾಡ್ತೀರಿ?”

ನಾನು ನಕ್ಕೆ. ಅವರು ಇಳಿದುಹೋದ ಮೇಲೆ ಹಡಗಿನಲ್ಲಿ ನನ್ನ ಭಾಷೆ ಮಾತಾಡುವವರು ಯಾರೂ ಉಳಿಯಲಿಲ್ಲ.

ಕಣಿವೆ

ಊರಿನ ಹೆಸರು ಹೇಳುವುದಿಲ್ಲ. ಇದರಲ್ಲಿ ಬರುವವರೆಲ್ಲ ಈಗಲೂ ಅಲ್ಲೇ ಇದ್ದಾರೆ.

ಎರಡು ದೊಡ್ಡ ಬೆಟ್ಟಗಳ ನಡುವಿನ ಸಂದಿಯಲ್ಲಿ ಒಂದು ಹೊಳೆ, ಹೊಳೆಯ ಬದಿಯಲ್ಲಿ ಮರದ ಮನೆಗಳು. ನಮ್ಮ ಕದ್ರಿ ಗುಡ್ಡವನ್ನು ಗುಡ್ಡವೆಂದು ಹೇಳಲು ಅಲ್ಲಿ ನಾಚಿಕೆಯಾಗುತ್ತಿತ್ತು. ಆದರೆ ನನ್ನನ್ನು ಕಂಗೆಡಿಸಿದ್ದು ಬೆಟ್ಟದ ಎತ್ತರಕ್ಕಿಂತ ಸೂರ್ಯ. ನಮ್ಮಲ್ಲಿ ಅವನು ಕಡಲಿಗೆ ಇಳಿಯುವುದನ್ನು ಕೊನೆಯವರೆಗೂ ನೋಡಬಹುದು. ಅಲ್ಲಿ ಮಧ್ಯಾಹ್ನದ ಊಟ ಮಾಡಿ ಕೈತೊಳೆಯುವಷ್ಟರಲ್ಲಿ ಬೆಟ್ಟದ ಹಿಂದೆ ಸರಿದುಬಿಡುತ್ತಾನೆ. ಆಮೇಲೆ ಬಹಳ ಹೊತ್ತು ಬೆಳಕಿರುತ್ತದೆ, ಬಿಸಿಲಿರುವುದಿಲ್ಲ. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಕಡೆಯವರೆಗೂ ತಿಳಿಯಲಿಲ್ಲ.

ಆಸ್ಪತ್ರೆಯವರು ನನಗೆ ಯೋಸೆಫ್ ಎಂಬವರ ವಸತಿಗೃಹದ ಮಾಡಿನ ಕೆಳಗೆ ಒಂದು ಕೋಣೆ ಗೊತ್ತುಮಾಡಿದ್ದರು. ಕೆಳಗೆ ಊಟದ ಕೋಣೆ. ಮೊದಲ ದಿನ ಒಲೆಯ ಹತ್ತಿರದ ಖಾಲಿ ಮೇಜು ಕಂಡು ಹೋಗಿ ಕುಳಿತೆ. ಸ್ವಲ್ಪ ಹೊತ್ತಿಗೆ ನಾಲ್ಕಾರು ಗಂಡಸರು ಬಂದು ನನ್ನ ಸುತ್ತ ನಿಂತರು. ಬೈಯಲಿಲ್ಲ, ಏಳು ಎನ್ನಲೂ ಇಲ್ಲ, ಟೋಪಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೇ ಇದ್ದರು. ಅದು ಊರಿನ ಹಳಬರಿಗೆ ಮೀಸಲಾದ ಮೇಜು ಎಂದು ನನಗೆ ಗೊತ್ತಾದದ್ದು ನನ್ನ ಸೂಪು ಪೂರ್ತಿ ಮುಗಿದ ಮೇಲೆ. ನಮ್ಮಲ್ಲಿ ಯಾರಾದರೂ ಅಪರಿಚಿತ ಬಂದು ಕೂತರೆ, ಯಾವ ಊರು, ಯಾರ ಪೈಕಿ, ಮನೆಯಲ್ಲಿ ಎಷ್ಟು ಜನ ಎಂದು ಊಟ ಮುಗಿಯುವುದರೊಳಗೆ ಜಾತಕವೇ ತಿಳಿದುಬಿಡುತ್ತದೆ. ಆ ಕಣಿವೆಯವರು ದಾರಿಯಲ್ಲಿ ಎದುರಾದವರಿಗೆಲ್ಲ ದೇವರ ಹೆಸರಿನಲ್ಲಿ ವಂದನೆ ಹೇಳುತ್ತಾರೆ, ನನಗೂ ಹೇಳುತ್ತಿದ್ದರು. ಅದರಾಚೆಗೆ ಒಂದು ಮಾತಿಲ್ಲ.

ನಾನು ಕೊಂಡೊಯ್ದ ತೆಂಗಿನೆಣ್ಣೆ ಕಲ್ಲಿನಂತೆ ಗಟ್ಟಿಯಾಗಿ ಸೀಸೆಯಿಂದ ಬರುತ್ತಿರಲಿಲ್ಲ. ಒಂದು ಭಾನುವಾರ ಅದನ್ನು ಒಲೆಯ ಮೇಲಿಟ್ಟೆ. ಸೀಸೆ ಒಡೆದು, ಎಣ್ಣೆ ಬೆಂಕಿಗೆ ಬಿದ್ದು, ಇಡೀ ಮನೆಯಲ್ಲಿ ವಾಸನೆ ಹಬ್ಬಿತು. ಯೋಸೆಫ್ ಕಿಟಕಿಗಳನ್ನೆಲ್ಲ ತೆರೆದು ಹಾಕಿದರು. ಆ ಚಳಿಯಲ್ಲಿ ನಾನು ಮೆಟ್ಟಿಲ ಮೇಲೆ ಕುಳಿತು, ಮೂಗು ತುಂಬ ನಮ್ಮ ಅಡುಗೆಮನೆಯ ವಾಸನೆ ಎಳೆದುಕೊಂಡೆ.

ಇಗರ್ಜಿಯ ಹೊರಗೋಡೆಯಲ್ಲಿ ಸಣ್ಣ ಸಣ್ಣ ಫೋಟೋಗಳಿದ್ದವು. ಎಲ್ಲರೂ ಪ್ರಾಯದ ಗಂಡಸರು, ಎಲ್ಲರೂ ನಗುತ್ತಿದ್ದರು. ಬೆಟ್ಟ ಹತ್ತುವಾಗ, ಹಿಮದಲ್ಲಿ ಜಾರುವಾಗ ಸತ್ತವರು. ಅವರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಮೊದಮೊದಲು ಕೇಳಿದ್ದೇ ಇಲ್ಲ.

ಚಿಕಿತ್ಸೆಯ ಕೋಣೆ

ಹನ್ನಿ ಯೋಸೆಫರ ಒಬ್ಬಳೇ ಮಗಳು. ತಾಯಿ ಇಲ್ಲ. ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟದಲ್ಲಿ ಅವಳು ಆ ಕಣಿವೆಗೇ ಹೆಸರಾದವಳು. ಊಟದ ಕೋಣೆಯ ಒಂದು ಗೋಡೆಯ ತುಂಬ ಅವಳ ಪದಕಗಳು. ಹಿಂದಿನ ಚಳಿಗಾಲದಲ್ಲಿ, ಪೈನ್ ಮರಗಳ ಪಕ್ಕದ ತಿರುವಿನಲ್ಲಿ ಬಿದ್ದು ಅವಳ ಬಲಗಾಲು ಎರಡು ಕಡೆ ಮುರಿದಿತ್ತು. ಕೂಗಿದರೂ ಯಾರಿಗೂ ಕೇಳದಂತಹ ಗಾಳಿಯಲ್ಲಿ ಬಹಳ ಹೊತ್ತು ಒಬ್ಬಳೇ ಬಿದ್ದುಕೊಂಡಿದ್ದಳಂತೆ. ಇದನ್ನು ನನಗೆ ಹೇಳಿದ್ದು ಅಲ್ಲಿಯ ಆಸ್ಪತ್ರೆಯ ದೊಡ್ಡ ಡಾಕ್ಟರರು, ಅವಳಲ್ಲ.

ನಾನು ಹೋಗುವಷ್ಟರಲ್ಲಿ ಮೂಳೆ ಕೂಡಿತ್ತು. ಆ ಕಾಲಿನ ಮೊಣಗಂಟಿಗೆ ಬಲ ಬರಿಸುವುದು ನನ್ನ ಪಾಲಿಗೆ ಬಂತು. ಅವಳಂತಹ ರೋಗಿ ಸಿಗುವುದು ಪುಣ್ಯ. ಹೇಳಿದ್ದಕ್ಕಿಂತ ಹೆಚ್ಚು ಮಾಡುತ್ತಿದ್ದಳು, ನೋವಾದರೆ ಹಾಡು ಗುನುಗುತ್ತಿದ್ದಳು, ನನ್ನ ಜರ್ಮನ್ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಪ್ರವಾಸಿಗಳಿಂದ ಕಲಿತ ಇಂಗ್ಲಿಷು ಅವಳಿಗೆ ಸಾಕಷ್ಟು ಬರುತ್ತಿತ್ತು. ನಮ್ಮ ಮಾತುಗಳನ್ನು ಇಲ್ಲಿ ನಮ್ಮೂರಿನ ಧಾಟಿಯಲ್ಲೇ ಬರೆಯುತ್ತಿದ್ದೇನೆ. ನನ್ನ ನೆನಪಿನಲ್ಲಿ ಅವು ಹಾಗೆಯೇ ಉಳಿದಿವೆ.

ಅವಳನ್ನು ನೋಡಲು ತರಬೇತುದಾರ ಆಗಾಗ ಬರುತ್ತಿದ್ದ. ಮೊಣಗಂಟನ್ನು ಒತ್ತಿ ನೋಡಿ, ಜನವರಿಯ ಸ್ಪರ್ಧೆಗೆ ಸರಿಯಾಗ್ತದೆ ಎನ್ನುತ್ತಿದ್ದ. ಹೆದರಿಕೆಗೆ ತಲೆಯಲ್ಲಿ ಜಾಗ ಕೊಡಬಾರದು, ಅದರ ಹೆಸರು ಹೇಳಿದರೆ ಅದು ಒಳಗೆ ಬರುತ್ತದೆ ಎಂಬುದು ಅವನ ಪಾಠ. ಊರಿನವರ ಪಾಠವೂ ಅದೇ. ನನಗೆ ನಮ್ಮ ಅಜ್ಜಿ ನೆನಪಾಗುತ್ತಿದ್ದರು. ಮಕ್ಕಳು ನೀರಿಗೋ ನಾಯಿಗೋ ಹೆದರಿದರೆ ಅಜ್ಜಿ ನೂಲು ಮಂತ್ರಿಸಿ ತಂದು ಕೈಗೆ ಕಟ್ಟುತ್ತಿದ್ದರು. ಆ ನೂಲು ಕಂಡವರೆಲ್ಲ ಎಂತಕ್ಕೆ ಹೆದರಿದ್ದು ಎಂದು ಕೇಳುವರು, ನಾವು ಹೇಳುವೆವು. ಹೇಳಿ ಹೇಳಿ ಒಂದು ವಾರದಲ್ಲಿ ಹೆದರಿಕೆಯೇ ಸವೆದುಹೋಗುತ್ತಿತ್ತು. ನಾಲ್ಕು ಅಕ್ಷರ ಕಲಿತ ಮೇಲೆ ನಾನು ಅದಕ್ಕೆ ನಗುತ್ತಿದ್ದೆ.

ಚಳಿಗಾಲ ಬಲಿಯಿತು. ಕಾಲು ಗಟ್ಟಿಯಾದಷ್ಟೂ ಹನ್ನಿ ತಡವಾಗಿ ಬರತೊಡಗಿದಳು. ಅವಳ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ತರಬೇತುದಾರ ಬಂದ ದಿನ ಮಾತ್ರ ಸಣ್ಣಗೆ ಕುಂಟುತ್ತಿದ್ದಳು. ಎಂತಾದರೂ ಉಂಟಾ ಎಂದು ನಾನು ಕೇಳಿದರೆ, ಕಾಲು ಚೆನ್ನಾಗಿದೆ, ನಾನೂ ಚೆನ್ನಾಗಿದ್ದೇನೆ ಎಂದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಆಸ್ಪತ್ರೆಯ ಮಾಡಿನ ಮೇಲೆ ಕೂತಿದ್ದ ಹಿಮವೆಲ್ಲ ಒಟ್ಟಿಗೆ ಜಾರಿ, ಕಿಟಕಿಯ ಹೊರಗೆ ದೊಪ್ಪನೆ ಬಿತ್ತು. ಅಲ್ಲಿ ಅದು ನಿತ್ಯದ ಸದ್ದು. ಹನ್ನಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಎಂದರೆ, ಅಮ್ಮ ತೊಡಿಸಿ ಕಳಿಸಿದ ಗಾಜಿನ ಬಳೆಗಳು ಪುಡಿಯಾದವು. ನಮ್ಮಿಬ್ಬರ ಕೈಯಲ್ಲೂ ರಕ್ತ. ಅವಳು ಬಗ್ಗಿ ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ಆರಿಸಿದಳು. ಬಳೆ ಒಡೆದುದಕ್ಕೆ ಕ್ಷಮೆ ಕೇಳಿದಳು.  ಅವತ್ತು ಹಾಡು ಗುನುಗಲಿಲ್ಲ.

ಸ್ಪರ್ಧೆಯ ದಿನ

ಅವಳ ಮೊಣಗಂಟಿಗೆ ಪಟ್ಟಿ ಕಟ್ಟಲು ಬೆಟ್ಟದ ತುದಿಯಲ್ಲಿ ಒಬ್ಬರು ಇರಬೇಕೆಂದು ಡಾಕ್ಟರರು ನನ್ನನ್ನು ಕಳುಹಿಸಿದರು. ತಂತಿಯಲ್ಲಿ ನೇತಾಡುತ್ತ ಮೇಲೇರುವ ಕುರ್ಚಿಯಲ್ಲಿ ಹೋಗಬೇಕು. ಯಾರದೋ ಉಣ್ಣೆಯ ಪ್ಯಾಂಟು, ಅದರ ಮೇಲೆ ಕೋಟು, ತಲೆಗೆ ಶಾಲು. ತುದಿಯಲ್ಲಿ ಕುರ್ಚಿ ನಿಲ್ಲುವುದಿಲ್ಲ, ಹಾರಿ ಇಳಿಯಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಹಾಯಾಗಿ ಕುಳಿತೇ ಇದ್ದೆ. ಕುರ್ಚಿ ತಿರುಗಿ ನನ್ನನ್ನು ಹೊತ್ತು ಕೆಳಗಿಳಿಯತೊಡಗಿತು. ಯಂತ್ರ ನಿಲ್ಲಿಸಿ, ಇಬ್ಬರು ಬಂದು ನನ್ನನ್ನು ಎತ್ತಿ ಇಳಿಸಿದರು. ಹನ್ನಿ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಕೆಳಗೆ ಬಯಲಿನಲ್ಲಿ ಊರಿಗೆ ಊರೇ ಸೇರಿತ್ತು. ಮೇಲಿನಿಂದ ನೋಡಿದರೆ ಬೆಲ್ಲದ ಸುತ್ತ ಇರುವೆ ಮುತ್ತಿದ ಹಾಗೆ. ಅವಳ ಸರದಿ ಬಂತು. ಸ್ಪರ್ಧಿಗಳನ್ನು ಹೊರಡಿಸುವವನು ಎಣಿಸಿದ. ಅವಳು ಹೊರಡಲಿಲ್ಲ. ತರಬೇತುದಾರ ಹತ್ತಿರ ಹೋಗಿ ಕಿವಿಯಲ್ಲಿ ಮೆಲ್ಲಗೆ ಏನೋ ಹೇಳಿದ. ಹೊರಡಿಸುವವನು ಮತ್ತೊಮ್ಮೆ ಎಣಿಸಿದ. ಅವಳು ಕೋಲುಗಳನ್ನು ಹಿಮಕ್ಕೆ ಊರಿಕೊಂಡು ನಿಂತೇ ಇದ್ದಳು. ತರಬೇತುದಾರನ ದನಿ ಏರಿತು.

ಅವಳು ನನ್ನ ಕಡೆ ತಿರುಗಿದಳು. “ಸುಮತಿ, ನನಗೆ ಹೆದರಿಕೆ ಆಗ್ತದೆ” ಎಂದಳು. ಮತ್ತೆ ಅದನ್ನೇ ತನ್ನ ಭಾಷೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಕುಳಿತು ಹಲಗೆಗಳನ್ನು ಬಿಚ್ಚಿದಳು. ಅವನ್ನು ಹೆಗಲಿಗೆ ಹಾಕಿಕೊಂಡು, ಸ್ಪರ್ಧೆಯ ದಾರಿಯ ಅಂಚಿನಲ್ಲೇ ನಡೆದು ಇಳಿಯತೊಡಗಿದಳು. ಕುರ್ಚಿಯಲ್ಲಿ ಕುಳಿತು ಯಾರಿಗೂ ಕಾಣದಂತೆ ಇಳಿಯಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ನಾನು ಹಿಂದಿನಿಂದ ಹೊರಟೆ. ನಡೆದದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಪ್ರತಿ ಸಲ ಅವಳು ನಿಂತು ನಾನು ಏಳುವವರೆಗೆ ಕಾದಳು. ನಮ್ಮ ಪಕ್ಕದಲ್ಲಿ ಉಳಿದ ಸ್ಪರ್ಧಿಗಳು ಬಾಣದ ಹಾಗೆ ಹಾದುಹೋಗುತ್ತಿದ್ದರು. ಪೈನ್ ಮರಗಳ ಪಕ್ಕದ ತಿರುವು ಬಂದಾಗ ಅವಳು ತಲೆ ತಗ್ಗಿಸಿ ಬೇಗಬೇಗ ನಡೆದಳು.

ಕೆಳಗೆ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮೂರಾಗಿದ್ದರೆ ನಾಲ್ಕು ಮಂದಿ ಹೀಯಾಳಿಸುತ್ತಿದ್ದರು, ಮತ್ತೆ ನಾಲ್ಕು ಮಂದಿ ಅವರಿಗೆ ಬೈಯುತ್ತಿದ್ದರು. ಆ ಮೌನಕ್ಕಿಂತ ಅದೇ ವಾಸಿ ಎನ್ನಿಸಿತು. ಯೋಸೆಫ್ ಗುಂಪಿನ ಎದುರಿನಲ್ಲೇ ನಿಂತಿದ್ದರು. ಮಗಳ ಮುಖ ನೋಡಲಿಲ್ಲ. ಅವಳ ಕಾಲನ್ನು ನೋಡಿದರು. ಆಮೇಲೆ ಅವಳ ಹೆಗಲಿನಿಂದ ಹಲಗೆಗಳನ್ನು ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದರು. ನಾವಿಬ್ಬರೂ ಅವರ ಹಿಂದೆ.

ಅದರ ನಂತರ

ಅವತ್ತು ಸಾಯಂಕಾಲ ಹಳಬರ ಮೇಜು ಖಾಲಿ ಇತ್ತು. ಅದರ ಮರುದಿನವೂ. ಹನ್ನಿ ಅಡುಗೆಮನೆಯಲ್ಲಿ ಬಟಾಟೆ ಸುಲಿಯುತ್ತ ಕುಳಿತುಬಿಟ್ಟಳು. ಚಿಕಿತ್ಸೆಗೂ ಬರಲಿಲ್ಲ.

ಬಂದದ್ದು ಅಂತೋನ್. ನಮ್ಮಲ್ಲಾದರೆ ಅಂತೋನಿ ಎನ್ನುತ್ತಿದ್ದೆವು. ಪ್ರವಾಸಿಗಳನ್ನು ಹಗ್ಗ ಕಟ್ಟಿ ಶಿಖರಕ್ಕೆ ಕರೆದೊಯ್ಯುವ ಮಾರ್ಗದರ್ಶಿ ಆತ, ನನ್ನ ಎರಡರಷ್ಟು ಗಾತ್ರದ ಆಳು. ಭುಜ ನೋವು ಎಂದ. ನಾನು ತೋಳನ್ನು ಎತ್ತಿ ತಿರುಗಿಸಿ ನೋಡಿದೆ. ಭುಜದಲ್ಲಿ ಏನೂ ಇರಲಿಲ್ಲ. ಆದರೂ ತಿರುಗಿಸುತ್ತಲೇ ಇದ್ದೆ, ಅವನು ಎದ್ದು ಹೋಗಲು ಅವಸರಪಡದ ಕಾರಣ.

ಅವನು ಗೋಡೆ ನೋಡುತ್ತ ಹೇಳಿದ. “ಆ ಹುಡುಗಿ ನಡೆದು ಇಳಿದಳಲ್ಲ, ಆವಾಗಿಂದ ನನಗೆ ಸಮಾಧಾನ ಇಲ್ಲ. ಸಿಟ್ಟು ಬಂದದ್ದು ಅಂತ ಅಂದುಕೊಂಡೆ. ಸಿಟ್ಟು ಅಲ್ಲ.”

ಅವನ ಜೊತೆಗಾರನೊಬ್ಬ ಬಂಡೆಯಿಂದ ಬಿದ್ದು ಸತ್ತಿದ್ದ. ಇಗರ್ಜಿಯ ಗೋಡೆಯಲ್ಲಿ ಅವನ ಫೋಟೋ ಉಂಟು. ಅಂದಿನಿಂದ ಪ್ರತಿ ಬೆಳಿಗ್ಗೆ ಹಗ್ಗದ ಗಂಟು ಹಾಕುವಾಗ ಅಂತೋನನ ಕೈ ನಡುಗುತ್ತದೆ. ಯಾರಿಗೂ ಕಾಣಬಾರದೆಂದು ಬೆನ್ನು ತಿರುಗಿಸಿ ಗಂಟು ಹಾಕುತ್ತಾನೆ. ಹೆಂಡತಿಗೂ ಹೇಳಿಲ್ಲ. ಇಷ್ಟನ್ನು ಅವನು ತಡೆತಡೆದು ಹೇಳಿದ. ಅರ್ಧ ನನಗೆ ಅರ್ಥವಾಯಿತು, ಉಳಿದರ್ಧವನ್ನು ಅವನ ಭುಜ ಹೇಳಿತು.  ಮೂಳೆಯ ಬಗ್ಗೆ ಓದಿದ್ದೆ, ಇದರ ಬಗ್ಗೆ ಯಾರೂ ಪಾಠ ಮಾಡಿರಲಿಲ್ಲ. ಇದನ್ನು ಹನ್ನಿಗೆ ಹೇಳಿ ಎಂದೆ, ಅಷ್ಟೇ.

ಅವನು ಹೇಳುತ್ತಾನೆಂದು ನಾನು ನಂಬಿರಲಿಲ್ಲ. ಆದರೆ ಮರುದಿನ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹನ್ನಿ ಅವನಿಗೊಂದು ಚೂರಿ ಕೊಟ್ಟಳು. ಇಬ್ಬರೂ ಬಟಾಟೆ ಸುಲಿದರು. ಪಕ್ಕದ ಊಟದ ಕೋಣೆಯಲ್ಲಿ ಯೋಸೆಫ್ ಗ್ಲಾಸು ಒರೆಸುತ್ತಿದ್ದರು. ಬಾಗಿಲು ತೆರೆದೇ ಇತ್ತು, ಅವರು ಅದನ್ನು ಮುಚ್ಚಲಿಲ್ಲ.

ಆಮೇಲೆ ಚಿಕಿತ್ಸೆಯ ಕೋಣೆಗೆ ಇನ್ನೂ ಇಬ್ಬರು ಮೂವರು ಬಂದರು. ಒಬ್ಬನಿಗೆ ಸೊಂಟ ನೋವಂತೆ, ಇನ್ನೊಬ್ಬಳಿಗೆ ಕುತ್ತಿಗೆ. ಊರು ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತರಬೇತುದಾರ ನಾನಿರುವವರೆಗೂ ಹನ್ನಿಯೊಂದಿಗೆ ಮಾತಾಡಲಿಲ್ಲ. ಹಳಬರ ಮೇಜಿಗೆ ಕೆಲವರು ಮರಳಿ ಬಂದರು, ಕೆಲವರು ಬೇರೆ ಹೋಟೆಲು ನೋಡಿಕೊಂಡರು.

ಅಡುಗೆಮನೆ

ನಾನು ಎಲ್ಲರದ್ದನ್ನೂ ಕೇಳುತ್ತಿದ್ದೆ. ಕೆಲಸ ಮುಗಿಸಿ, ಬಿಸಿಲಿಲ್ಲದ ಬೆಳಕಿನಲ್ಲಿ ನಡೆದುಬಂದು, ಮಾಡಿನ ಕೆಳಗಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದೆ. ಮೊಯಿದಿನ್ ಸಾಹೇಬರು ಕೇಳಿದ ಪ್ರಶ್ನೆಗೆ ಉತ್ತರ ಹುಟ್ಟಿರಲಿಲ್ಲ. ನನಗೆ ಕೆಟ್ಟದ್ದೇನೂ ಆಗಿರಲಿಲ್ಲ. ಮೂಳೆ ಮುರಿದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಹಾಗಿರುವಾಗ ಹೇಳಿಕೊಳ್ಳಲು ಏನಿದೆ ಎಂದುಕೊಂಡಿದ್ದೆ.

ಒಂದು ಸಾಯಂಕಾಲ ಅಡುಗೆಮನೆಗೆ ಹಾಲು ಕೇಳಲು ಹೋದಾಗ ಹನ್ನಿ, “ನೀನು ಯಾರಿಗೆ ಹೇಳ್ತೀ?” ಎಂದು ಕೇಳಿದಳು.

“ಎಂತ?”

“ನಿನ್ನದು.”

ಹೇಳಲು ಹೊರಟೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಶುರುಮಾಡಿ ಬಿಟ್ಟೆ. ಜರ್ಮನ್‌ನಲ್ಲಿ ಅದೂ ಆಗಲಿಲ್ಲ. ಅವಳು ಕೈ ಒರೆಸಿಕೊಂಡು ಎದುರು ಕುಳಿತು, ನಿನ್ನ ಭಾಷೆಯಲ್ಲೇ ಹೇಳು ಎಂದಳು. ನಿನಗೆ ಅರ್ಥ ಆಗುವುದಿಲ್ಲವಲ್ಲ ಎಂದರೆ, ಆಗದಿದ್ದರೆ ಬೇಡ ಎಂದಳು.

“ಎಂಕ್ ಮುಲ್ಪ ಏರ್ಲಾ ಇಜ್ಜೆರ್” ಎಂದೆ. ನನಗೆ ಇಲ್ಲಿ ಯಾರೂ ಇಲ್ಲ. ನನ್ನ ದನಿಯಲ್ಲಿ ತುಳು ಕೇಳಿ ನನಗೇ ಎದೆ ಒಡೆದ ಹಾಗಾಯಿತು. ಆಮೇಲೆ ನಿಲ್ಲಲಿಲ್ಲ. ಕೈತಪ್ಪಿದ ಸಂಬಂಧದ ಬಗ್ಗೆ ಹೇಳಿದೆ. ಅದಕ್ಕೆ ಬೇಸರವಿಲ್ಲ ಎಂದು ಎಲ್ಲರ ಎದುರು ನಕ್ಕದ್ದನ್ನು ಹೇಳಿದೆ. ನಾನು ಮರಳುವಷ್ಟರಲ್ಲಿ ಅತ್ತಿಗೆ ನನ್ನ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಿರುತ್ತಾಳೆ, ಊಟದ ಪಂಕ್ತಿಯಲ್ಲಿ ನನ್ನ ಜಾಗ ಮುಚ್ಚಿಹೋಗಿರುತ್ತದೆ, ಅಲ್ಲಿಯೂ ಇಲ್ಲಿಯೂ ಅಲ್ಲದವಳಾಗುತ್ತೇನೆ ಎಂಬ ಹೆದರಿಕೆಯನ್ನೂ ಹೇಳಿದೆ. ಬೂತಾಯಿ ಮೀನಿನ ಪುಳಿಮುಂಚಿ ಸಾರಿನ ಬಗ್ಗೆಯೂ ಹೇಳಿರಬೇಕು. ಮೂಗು ಸುರಿಯುವಷ್ಟು ಅತ್ತೆ. ಹನ್ನಿಗೆ ಒಂದು ಶಬ್ದವೂ ತಿಳಿದಿರಲಿಕ್ಕಿಲ್ಲ. ಅವಳು ಒಮ್ಮೆಯೂ ಕಣ್ಣು ತಪ್ಪಿಸಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಸೀದುಹೋದರೂ ಏಳಲಿಲ್ಲ.

ಆಮೇಲೆ ಹೆಚ್ಚಿನ ಸಾಯಂಕಾಲಗಳು ಮೊದಲಿನ ಹಾಗೆಯೇ ಇದ್ದವು. ಆದರೆ ಕೋಣೆಯಲ್ಲಿ ಕುಳಿತಾಗ, ಕೆಳಗೆ ಒಬ್ಬಳು ಇದ್ದಾಳೆ ಎಂದು ಗೊತ್ತಿರುತ್ತಿತ್ತು.

ಕೊನೆಯ ಹಿಮ

ನಾನು ಹೊರಡುವ ಹೊತ್ತಿಗೆ ಕಣಿವೆಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಬೆಟ್ಟದ ಮೇಲ್ಭಾಗದಲ್ಲಿ ಮಾತ್ರ ಉಳಿದಿತ್ತು. ಪ್ರವಾಸಿಗಳೆಲ್ಲ ಹೋಗಿದ್ದರು, ತಂತಿಯ ಕುರ್ಚಿ ನಿಂತಿತ್ತು. ಒಂದು ಬೆಳಿಗ್ಗೆ ಹನ್ನಿ ಬಂದು, ಇವತ್ತು ಮೇಲೆ ಹೋಗ್ತೇನೆ, ನೀನು ಕೆಳಗೆ ನಿಲ್ತೀಯಾ ಎಂದು ಕೇಳಿದಳು. ಅಪ್ಪನಿಗೆ ಹೇಳಿದ್ದೀಯಾ ಎಂದೆ. ಹೇಳಿದ್ದಳು. ಹಲಗೆಗಳಿಗೆ ಮೇಣ ತಿಕ್ಕಿಕೊಟ್ಟದ್ದು ಅವರೇ.

ಹಿಮ ಶುರುವಾಗುವಲ್ಲಿ ನನ್ನನ್ನು ನಿಲ್ಲಿಸಿ, ಹಲಗೆಗಳನ್ನು ಹೊತ್ತು ಅವಳು ಹತ್ತಿಹೋದಳು. ಸ್ವಲ್ಪ ಹೊತ್ತು ಕಾಣುತ್ತಿದ್ದಳು. ಆಮೇಲೆ ಮಂಜು ಇಳಿಯಿತು. ಬೆಟ್ಟ ಹೋಯಿತು, ಮರಗಳು ಹೋದವು, ನನ್ನ ಕೈಯೇ ನನಗೆ ಮಸುಕಾಯಿತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಕೂಗೋಣವೆಂದರೆ, ಹೆದರಿ ಕೂಗಿದೆನೆಂದು ಅವಳು ಗಾಬರಿಪಟ್ಟರೆ ಎಂಬ ಅಳುಕು. ಬೆರಳುಗಳಲ್ಲಿ ಸ್ಪರ್ಶ ಹೋಗಿತ್ತು.

ಮೇಲೆಲ್ಲೋ ಹಲಗೆ ಹಿಮವನ್ನು ಕೆರೆಯುವ ಸದ್ದು ಕೇಳಿಸಿತು. ಒಂದು ತಿರುವು, ಇನ್ನೊಂದು ತಿರುವು, ನಿಧಾನವಾಗಿ. ಪೈನ್ ಮರಗಳಿರುವ ದಿಕ್ಕಿಗೆ ಬಂದು ಸದ್ದು ನಿಂತುಹೋಯಿತು.

ನಾನು ಮೇಲಕ್ಕೆ ಓಡಲು ಹೊರಟವಳು ನಿಂತೆ. ಬಿದ್ದ ಸದ್ದು ಬಂದಿರಲಿಲ್ಲ. ಉಸಿರು ಬಿಗಿಹಿಡಿದು ಕೇಳಿದೆ. ಮಂಜಿನೊಳಗೆ ಏನೂ ಇಲ್ಲ.

ಬಹಳ ಹೊತ್ತಾದ ಮೇಲೆ ಮತ್ತೆ ಆ ಕೆರೆತ. ಮೊದಲು ಅವಳ ಟೋಪಿಯ ಕೆಂಪು, ಆಮೇಲೆ ಅವಳು ಮಂಜಿನಿಂದ ಹೊರಬಂದಳು. ನನ್ನ ಹತ್ತಿರ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು.

“ಅಲ್ಲಿ ಎಂತ ಮಾಡಿದೆ?” ಎಂದು ಕೇಳಿದೆ.

“ಹೆದರಿಕೆ ಬಂತು. ಅದು ಮುಗಿಯುವವರೆಗೆ ನಿಂತೆ” ಎಂದಳು. “ಪೂರ್ತಿ ಮುಗಿಯಲಿಲ್ಲ. ಆದರೂ ಬಂದೆ.”

ಒಂದು ಹಲಗೆಯನ್ನು ಅವಳು ಹೊತ್ತಳು, ಇನ್ನೊಂದನ್ನು ನನಗೆ ಕೊಟ್ಟಳು. ಅದು ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ಕೆಸರಿನ ದಾರಿಯಲ್ಲಿ ನಾವಿಬ್ಬರೂ ಇಳಿದೆವು.